ಕಾಪಾಡಿದ ದೊರೆ ಬಿಡದೆ ಹೋದಾಗ: ಕಥೆ ಬರೆಯುವವರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಕಥೆ ಬರೆಯುವ ಓದುಗರ ಮುಂದೆ ಒಂದು ಎಳೆ ಇಟ್ಟಿದ್ದೆವು. ಮಳೆಗಾಲದ ರಾತ್ರಿ ಘಾಟಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕನನ್ನು ನಯನಾಜೂಕಿನ ದೊರೆಯೊಬ್ಬ ಕಾಪಾಡಿ ಮನೆಗೆ ಕರೆದೊಯ್ಯುತ್ತಾನೆ. ಬೆಳಗಾದ ಮೇಲೆ ಪ್ರಯಾಣಿಕನಿಗೆ ಅಲ್ಲಿಂದ ಹೊರಡಲು ಆಗುವುದಿಲ್ಲ. ಕಥೆ ಹಾಸನ ಅಥವಾ ಚಿಕ್ಕಮಗಳೂರು ಜಿಲ್ಲೆಯಲ್ಲಿ ನಡೆಯಬೇಕು ಎನ್ನುವುದೊಂದೇ ಷರತ್ತು. ಬರೆಯಲು ಕೂತವರು ಕೇಳಿದ ಪ್ರಶ್ನೆಗಳಲ್ಲಿ ಎಲ್ಲರಿಗೂ ಉಪಯೋಗಕ್ಕೆ ಬರುವಂಥವನ್ನು ಆರಿಸಿ ಉತ್ತರಿಸಿದ್ದೇವೆ.

ನನ್ನ ಕಥೆಯಲ್ಲಿ ದೊರೆ ಮೊದಲ ರಾತ್ರಿಯೇ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಾನೆ. ಓದಿದವರೆಲ್ಲ ‘ಅಲ್ಲಿಗೆ ಕಥೆ ಮುಗೀತಲ್ಲ’ ಅನ್ನುತ್ತಾರೆ. ಎಲ್ಲಿ ತಪ್ಪಿದೆ?
— ಸಕಲೇಶಪುರದ ಓದುಗರು

ಚಿಲಕದಲ್ಲೇ ತಪ್ಪಿದೆ. ಅದು ಬಿದ್ದ ಕ್ಷಣ ದೊರೆ ಬರೀ ಖಳ, ಪ್ರಯಾಣಿಕ ಬರೀ ಕೈದಿ. ಆಮೇಲೆ ಉಳಿಯುವುದು ತಪ್ಪಿಸಿಕೊಳ್ಳುವ ಕಥೆ ಮಾತ್ರ. ಉಪಕಾರ ಎಲ್ಲಿಗೆ ಮುಗಿಯಿತು, ಸೆರೆ ಎಲ್ಲಿಂದ ಶುರುವಾಯಿತು ಎಂದು ಪ್ರಯಾಣಿಕನಿಗೇ ಹೇಳಲು ಬಾರದಿದ್ದರೆ ಈ ಎಳೆಗೆ ರುಚಿ.

ಬರೆಯುವ ಮೊದಲು ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಗಡೆ, ಘಾಟಿ ಹತ್ತುವಾಗ ಪ್ರಯಾಣಿಕನ ಬಳಿ ಏನೇನಿತ್ತು ಎಂದು ಬರೆಯಿರಿ: ಕಾರು, ಅದರ ಕೀಲಿ, ಕಾಲಿನ ಬೂಟು, ಮೈಮೇಲಿನ ಬಟ್ಟೆ, ದುಡ್ಡು, ಊರಿಗೆ ಸುದ್ದಿ ಮುಟ್ಟಿಸುವ ದಾರಿ, ಅವನಿಗಾಗಿ ಕಾಯುತ್ತಿರುವ ಒಬ್ಬರು. ಬಲಗಡೆ, ಒಂದೊಂದರ ಎದುರಿಗೂ ಅದನ್ನು ಅವನ ಕೈಯಿಂದ ದಾಟಿಸಿಕೊಳ್ಳುವ ಉಪಕಾರ ಬರೆಯಿರಿ. ನೆಂದ ಬೂಟು ಒಣಗಲೆಂದು ಒಲೆಯ ಪಕ್ಕ ಹೋಗುತ್ತದೆ. ಚರ್ಮದ ಬೂಟನ್ನು ಬೆಂಕಿಯ ಹತ್ತಿರ ಒಣಗಿಸಿದರೆ ಸೆಟೆದು ಬಿರುಕು ಬಿಡುತ್ತದೆ, ಮತ್ತೆ ಕಾಲಿಗೆ ಹತ್ತುವುದಿಲ್ಲ. ಬಟ್ಟೆ ಒಗೆಯಲು ಹೋಗುತ್ತದೆ. ಆಷಾಢದ ಮಲೆನಾಡಿನಲ್ಲಿ ಪ್ಯಾಂಟು ಒಣಗಲು ಮೂರು ನಾಲ್ಕು ದಿನ ಬೇಕು, ಅಲ್ಲಿಯವರೆಗೆ ದೊರೆಯದೇ ಪಂಚೆ, ದೊರೆಯದೇ ಶಾಲು. ಕಾರನ್ನು ಚರಂಡಿಯಿಂದ ಎತ್ತಿಸಲು ಆಳುಗಳು ಹೋಗುತ್ತಾರೆ, ಅವರಿಗೆ ಕೀಲಿ ಬೇಡವೇ? ‘ಕಾಗದ ಬರೆದುಕೊಡಿ, ನಮ್ಮ ತೋಟದ ಲೆಕ್ಕದ ರೈಟರು ಪೇಟೆಗೆ ಹೊರಟಿದ್ದಾರೆ.’ ಪ್ರತಿಯೊಂದಕ್ಕೂ ಪ್ರಯಾಣಿಕ ‘ನಿಮ್ಮಿಂದ ದೊಡ್ಡ ಉಪಕಾರವಾಯ್ತು’ ಎಂದು ಹೇಳಿಯೇ ಒಪ್ಪಿಸಬೇಕು. ಬೇಡ ಎಂದರೆ ಅದು ಅವನ ಒರಟುತನ ಅನ್ನಿಸಬೇಕು.

ಅನುಕ್ರಮಕ್ಕೂ ಲೆಕ್ಕವಿದೆ. ತಾನಾಗಿ ಬಿಚ್ಚಿಕೊಡುವ ಬೂಟು, ಬಟ್ಟೆ ಮೊದಲು, ಕೀಲಿ ನಡುವೆ, ಊರಿಗೆ ಹೋಗುವ ಸುದ್ದಿ ಕಟ್ಟಕಡೆಗೆ. ಒಂದು ದೃಶ್ಯದಲ್ಲಿ ಒಂದೇ ವಸ್ತು ಹೋಗಲಿ. ಎರಡು ಒಟ್ಟಿಗೆ ಹೋದರೆ ಓದುಗನ ಮೂಗಿಗೆ ವಾಸನೆ ಬಡಿಯುತ್ತದೆ. ನಡುವೆ ಒಂದನ್ನು ದೊರೆ ಪ್ರಾಮಾಣಿಕವಾಗಿ ವಾಪಸ್ ಕೊಡಲಿ. ಮೂರನೇ ದಿನ ಕೀಲಿ ಊಟದ ಎಲೆಯ ಪಕ್ಕ ತಾನಾಗಿ ಬಂದು ಕೂತಿರಲಿ. ಆಗ ಪ್ರಯಾಣಿಕ ‘ಛೆ, ಎಂಥವರನ್ನು ಅನುಮಾನಿಸಿದೆ’ ಎಂದು ನಾಚಿಕೊಳ್ಳುತ್ತಾನೆ, ಆ ನಾಚಿಕೆಯಲ್ಲಿ ಇನ್ನೂ ಎರಡು ದಿನ ಉಳಿಯುತ್ತಾನೆ. ಕಾರಿನ ಬ್ಯಾಟರಿ ಇಳಿದಿದೆ ಎಂದು ಗೊತ್ತಾಗುವುದು ಅದಾದ ಮೇಲೆ.

ಚಿಲಕ ಬಿಡಲು ಮನಸ್ಸೇ ಇಲ್ಲದಿದ್ದರೆ ಅದನ್ನು ಕೋಣೆಯ ಒಳಗಡೆ ಇಡಿ. ಪ್ರಯಾಣಿಕನ ಕೈಗೆ ಸಿಗುವ ಅಗಳಿ ಅದು, ಬೇಕೆಂದಾಗ ಸರಿಸಬಹುದು, ಆದರೂ ಹೋಗಲಾರ.

ದೊರೆ ಮೋಹಕನಾಗಿರಬೇಕು ಎಂದಿದ್ದೀರಿ. ಎತ್ತರ, ಮೀಸೆ, ಕಂಠ, ಗಂಧದ ಪರಿಮಳ ಎಲ್ಲ ಬರೆದೆ. ಆದರೂ ಜಾಹೀರಾತಿನ ಗಂಡಸಿನ ಹಾಗೆ ಕಾಣುತ್ತಾನೆ.
— ಮೂಡಿಗೆರೆಯ ಓದುಗಿ

ಅವನು ಹೇಗಿದ್ದಾನೆ ಎಂಬುದನ್ನು ಎರಡು ಸಾಲಿಗೆ ಇಳಿಸಿ, ಅವನ ಗಮನ ಎಲ್ಲಿದೆ ಎಂಬುದನ್ನು ಬರೆಯಿರಿ. ಮೋಹಕ ಮನುಷ್ಯ ತನ್ನ ಬಗ್ಗೆ ಮಾತಾಡುವುದಿಲ್ಲ. ಎದುರಿಗಿದ್ದವರು ಹಿಂದಿನ ದಿನ ಬಾಯಿತಪ್ಪಿ ಹೇಳಿದ ಮಾತನ್ನು ಮರುದಿನ ನೆನಪಿಟ್ಟು ನಡೆಸಿಕೊಡುತ್ತಾನೆ. ಪ್ರಯಾಣಿಕ ‘ಕಳಲೆ ಪಲ್ಯ ತಿಂದು ಎಷ್ಟು ಕಾಲವಾಯ್ತೋ’ ಎಂದರೆ ಸಾಕು, ಮಾರನೇ ಮಧ್ಯಾಹ್ನ ಅಕ್ಕಿರೊಟ್ಟಿಯ ಜೊತೆ ಕಳಲೆ ಇರುತ್ತದೆ. ಅದೇ ನೆನಪಿನ ಶಕ್ತಿ ಮುಂದೆ ‘ನಿಮಗಾಗಿ ಊರಲ್ಲಿ ಯಾರೂ ಕಾಯ್ತಿಲ್ಲ ಅಂತ ನೀವೇ ಹೇಳಿದ್ರಲ್ಲ’ ಎಂದು ತಿರುಗಿಬರಬೇಕು. ಮೋಹವೂ ಬಲೆಯೂ ಒಂದೇ ಗುಣದಿಂದ ಹುಟ್ಟಿದರೆ ಪಾತ್ರ ಗಟ್ಟಿ.

ಹತ್ತಿರದಿಂದ ತೋರಿಸಬಹುದಾದ ಒಂದು ದೃಶ್ಯ ನಿಮ್ಮ ತಾಲ್ಲೂಕಿನಲ್ಲೇ ಇದೆ, ಇಂಬಳ. ಪ್ರಯಾಣಿಕ ಜಗಲಿಗೆ ಬಂದು ಕಾಲುಚೀಲ ಇಳಿಸುತ್ತಾನೆ; ಕಣಕಾಲಿಗೆ ನಾಲ್ಕು ಇಂಬಳ ಕಚ್ಚಿಕೊಂಡಿವೆ, ಒಂದು ದ್ರಾಕ್ಷಿ ಗಾತ್ರಕ್ಕೆ ಉಬ್ಬಿದೆ. ಆಳು ಕೈಹಾಕುವ ಮೊದಲು ದೊರೆಯೇ ಮಂಡಿಯೂರಿ, ತನ್ನ ಎಲೆಯಡಿಕೆ ಡಬ್ಬಿಯಿಂದ ಉಗುರಂಚಿನಷ್ಟು ಸುಣ್ಣ ತೆಗೆದು ಒಂದೊಂದಕ್ಕೂ ಮುಟ್ಟಿಸುತ್ತಾನೆ. ಇಂಬಳ ಮುರುಟಿ ಉದುರುತ್ತದೆ. ರಕ್ತ ಮಾತ್ರ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇಂಬಳದ ಜೊಲ್ಲಿನಲ್ಲಿದೆ, ಹಾಗಾಗಿ ಕಚ್ಚಿದ ಜಾಗ ಗಂಟೆಗಟ್ಟಲೆ ಜಿನುಗುತ್ತದೆ. ಅದರಿಂದ ಅಪಾಯವೇನೂ ಇಲ್ಲ, ಮಲೆನಾಡಿನ ಮಕ್ಕಳಿಗೂ ಇದು ಗೊತ್ತು. ಬಯಲುಸೀಮೆಯ ಪ್ರಯಾಣಿಕನಿಗೆ ಗೊತ್ತಿಲ್ಲ. ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಕಲೆ ಕಂಡು ಗಾಬರಿಯಾದವನಿಗೆ ದೊರೆ ‘ಇವತ್ತು ನಡೆಯೋದು ಬೇಡ’ ಎಂದರೆ ಮುಗಿಯಿತು. ಅವನು ಸುಳ್ಳು ಹೇಳಿಲ್ಲ, ನಿಜ ಹೇಳಿಲ್ಲ ಅಷ್ಟೇ.

ಇನ್ನೊಂದು ಮಾತು. ದೊರೆಯ ಬಣ್ಣ ಬಯಲಾದಾಗ ‘ನೀವು’ ಹೋಗಿ ‘ನೀನು’ ಬರುವ ಹಳೇ ಉಪಾಯ ಹಲವು ಹಸ್ತಪ್ರತಿಗಳಲ್ಲಿದೆ. ಬೇಡ. ಅವನು ಕೊನೆಯವರೆಗೂ ಬಹುವಚನದಲ್ಲೇ ಮಾತಾಡಲಿ, ಹೆದರಿಕೆ ಹೆಚ್ಚುತ್ತದೆ.

ನಮ್ಮ ಕಡೆ ‘ದೊರೆ’ ಎಂದರೆ ಯಾರು? ಯಾವ ಕಾಲಕ್ಕೆ ಇಟ್ಟರೆ ನಂಬುವ ಹಾಗಿರುತ್ತದೆ?
— ಹಾಸನದ ಓದುಗರು

ಕಾಲ ಗಟ್ಟಿಮಾಡಿಕೊಳ್ಳದೆ ಬರೆದರೆ ಕುದುರೆಯೂ ಜೀಪೂ ಒಂದೇ ಪುಟದಲ್ಲಿ ಬರುತ್ತವೆ, ಬಂದಿವೆ ಕೂಡ.

ಪಾಳೆಯಗಾರನೇ ಬೇಕಾದರೆ ಸಕಲೇಶಪುರ ಭಾಗದಲ್ಲಿ 1802ಕ್ಕಿಂತ ಹಿಂದೆ ಹೋಗಿ. ಬಲಂ ಸೀಮೆಯ, ಅಂದರೆ ಐಗೂರಿನ ಪಾಳೆಯಗಾರ ವೆಂಕಟಾದ್ರಿ ನಾಯಕ ಆ ವರ್ಷ ಬ್ರಿಟಿಷರ ಕೈಗೆ ಸಿಕ್ಕಿ ಗಲ್ಲಿಗೇರಿದ. ಅಲ್ಲಿಗೆ ಆ ಬಗೆಯ ದೊರೆತನ ಮುಗಿಯಿತು. ಟಿಪ್ಪು 1792ರಲ್ಲಿ ಮುಗಿಸಿದ ಎಂಟು ಮೂಲೆಯ ಮಂಜರಾಬಾದ್ ಕೋಟೆ ಆಗ ಹೊಸದು. ಪ್ರಯಾಣಿಕ ಎತ್ತಿನ ಹೇರಿನ ವ್ಯಾಪಾರಿಯಾಗಬಹುದು, ಓಲೆಕಾರನಾಗಬಹುದು. ಆಗ ಘಾಟಿಯಲ್ಲಿ ಕಾರು ಕೆಡುವ ಬದಲು ಎತ್ತು ಜಾರಬೇಕು.

ಬಿಳಿ ದೊರೆ ಬೇಕಾದರೆ 1840ರ ದಶಕದಿಂದ ಈಚೆಗೆ ಬನ್ನಿ. ಯುರೋಪಿಯನ್ನರು ಮಂಜರಾಬಾದ್, ಚಿಕ್ಕಮಗಳೂರು ಕಡೆ ಕಾಫಿ ತೋಟ ಹಾಕಿದ್ದು ಆಗ. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಆ ಐವತ್ತು ವರ್ಷದಲ್ಲಿ ತೋಟದ ದೊರೆಯ ಮೇಲೆ ದೂರು ಕೊಡಲು ಹೋದ ಪ್ರಯಾಣಿಕ ಯಾರ ಮುಂದೆ ನಿಲ್ಲಬೇಕು ಎಂದು ಯೋಚಿಸಿ, ಕಥೆಗೆ ಇನ್ನೊಂದು ಗೋಡೆ ತಾನಾಗಿ ಏಳುತ್ತದೆ.

ನಮ್ಮವನೇ ಆದ ಧಣಿ ಬೇಕಾದರೆ ಒಂದು ಇಸವಿ ನೆನಪಿಡಿ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯಿತು, ಗದ್ದೆ ಒಕ್ಕಲಿನ ಹೆಸರಿಗೆ ಹೋಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯಿಂದ ಕಾಫಿ ತೋಟಗಳಿಗೆ ಮಾತ್ರ ವಿನಾಯಿತಿ ಇತ್ತು. ಹಾಗಾಗಿ 1980ರಲ್ಲಿ ಗದ್ದೆ ಕಳೆದುಕೊಂಡು ತೋಟ ಉಳಿಸಿಕೊಂಡ, ದೊಡ್ಡ ಮನೆಯಲ್ಲಿ ಒಬ್ಬನೇ ಇರುವ, ಮಾತಿಗೆ ಜನ ಸಿಗದ ಧಣಿ ಒಳ್ಳೆಯ ಪಾತ್ರ. ಯಾಕೆ ಹಿಡಿದಿಟ್ಟುಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಇಲ್ಲಿ ಒಂದು ವಿಷಯ ಯಾರೂ ಮುಟ್ಟಿಲ್ಲ. ದೊಡ್ಡ ಮನೆಗಳಲ್ಲಿ ನಿಜವಾಗಿ ಸೆರೆಯಿದ್ದವರು ಪ್ರಯಾಣಿಕರಲ್ಲ, ಸಾಲಕ್ಕೆ ಕಟ್ಟುಬಿದ್ದ ಜೀತದಾಳುಗಳು. ಜೀತ ಪದ್ಧತಿ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ನಿಮ್ಮ ಪ್ರಯಾಣಿಕನಿಗೆ ಎರಡು ವಾರದಲ್ಲಿ ಅರ್ಥವಾಗುವ ಸಂಗತಿ ಅವನಿಗೆ ಊಟ ಬಡಿಸುವ ಆಳಿಗೆ ಇಪ್ಪತ್ತು ವರ್ಷದಿಂದ ಗೊತ್ತಿರಬಹುದು. ಆ ಆಳನ್ನು ‘ಮೂಕ ಸೇವಕ’ ಮಾಡಿ ಮೂಲೆಗೆ ನಿಲ್ಲಿಸಬೇಡಿ.

ಒಂದು ತಿಂಗಳು ಅವನು ಅಲ್ಲೇ ಇರಬೇಕು. ಮಳೆ ಎಂದು ಎಷ್ಟು ದಿನ ಹೇಳಲಿ?
— ಬೇಲೂರಿನ ಓದುಗರು

ಮಳೆ ನಕ್ಷತ್ರದ ಲೆಕ್ಕ ಹಿಡಿಯಿರಿ. ಆರಿದ್ರಾ ಜೂನ್ 21-22ರ ಹೊತ್ತಿಗೆ ಹುಟ್ಟುತ್ತದೆ, ಪುನರ್ವಸು ಜುಲೈ 5-6ಕ್ಕೆ, ಪುಷ್ಯ 19-20ಕ್ಕೆ, ಆಶ್ಲೇಷ ಆಗಸ್ಟ್ 2-3ಕ್ಕೆ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಪುನರ್ವಸುವಿನ ಮೊದಲ ವಾರ ಪ್ರಯಾಣಿಕ ಸಿಕ್ಕಿಬಿದ್ದರೆ ‘ಈ ಮಳೆ ಕಳೀಲಿ’ ಎಂದು ಒಮ್ಮೆ, ‘ಪುಷ್ಯ ಹುಟ್ಟಿತಲ್ಲ, ಈಗ ಘಾಟಿ ಇಳಿಯೋದು ಹುಡುಗಾಟವೇ’ ಎಂದು ಇನ್ನೊಮ್ಮೆ. ತಿಂಗಳು ಸಲೀಸಾಗಿ ಹೋಗುತ್ತದೆ, ದೊರೆ ಒಂದು ಸುಳ್ಳನ್ನೂ ಹೇಳಬೇಕಿಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಗುಡ್ಡ ಕುಸಿದು ಮುಚ್ಚಿದ್ದು ಓದುಗರ ನೆನಪಿನಲ್ಲಿದೆ. ಆ ನೆನಪು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಡಿಸೆಂಬರ್, ಜನವರಿಗೆ ಇಟ್ಟಿರೋ, ಕೆಟ್ಟಿತು. ಅದು ಕಾಫಿ ಕುಯ್ಲಿನ ಕಾಲ. ಕಣದ ತುಂಬ ಜನ, ಗೇಟಿಗೆ ಲಾರಿ, ಹಣ್ಣು ಅಳೆಸಲು ಸಾಲು ನಿಂತ ಆಳುಗಳು. ಯಾವನಾದರೂ ಒಬ್ಬನನ್ನು ಕೇಳಿ ಲಾರಿ ಹತ್ತಿದರೆ ಪ್ರಯಾಣಿಕ ಸಂಜೆಗೆ ಮನೆಯಲ್ಲಿರುತ್ತಾನೆ.

ಕಾಲು ಉಳುಕಿಸುವವರಿಗೆ ಒಂದು ಸೂಚನೆ. ಸಾಧಾರಣ ಉಳುಕಿಗೆ ಒಂದರಿಂದ ಮೂರು ವಾರ ಬೇಕು, ಮೊದಲೆರಡು ದಿನ ಊತ ಏರುತ್ತದೆ. ಎರಡನೇ ದಿನವೇ ಅವನನ್ನು ಗುಡ್ಡ ಓಡಿಸಬೇಡಿ. ಮೂಳೆ ಮುರಿದರೆ ಸುಮಾರು ಆರು ವಾರ, ಆದರೆ ಆಗ ಡಾಕ್ಟರನ್ನು ಕರೆಸದ ದೊರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಉಳುಕೇ ಒಳ್ಳೆಯದು.

ಮಳೆಗಿಂತ ನಮಗೆ ಹೆಚ್ಚು ಇಷ್ಟವಾದ ತಡೆ ಕಾಲುಸಂಕ. ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ, ಹಿಡಿಯಲು ಒಂದು ಬಿದಿರ ಗಳ, ಎರಡೂ ದಡದ ಮರಗಳಿಗೆ ಹಗ್ಗದಿಂದ ಬಿಗಿದದ್ದು. ಒಂದು ಬೆಳಿಗ್ಗೆ ಅದು ಇಲ್ಲ. ‘ರಾತ್ರಿ ನೀರು ಕೊಚ್ಚಿಕೊಂಡು ಹೋಯ್ತು’ ಎನ್ನುತ್ತಾನೆ ದೊರೆ. ಪ್ರಯಾಣಿಕ ದಡಕ್ಕೆ ಹೋಗಿ ಮರಕ್ಕೆ ಸುತ್ತಿದ್ದ ಹಗ್ಗದ ತುಂಡು ಕೈಗೆತ್ತಿಕೊಳ್ಳಲಿ. ನೀರಿನ ಎಳೆತಕ್ಕೆ ಹರಿದ ಹಗ್ಗದ ತುದಿಯಲ್ಲಿ ಎಳೆಗಳು ಉದ್ದ ಗಿಡ್ಡವಾಗಿ ಬಿಚ್ಚಿಕೊಂಡಿರುತ್ತವೆ. ಕತ್ತಿಯಲ್ಲಿ ಕುಯ್ದದ್ದು ಸಮನಾಗಿರುತ್ತದೆ. ಸಮನಾಗಿದೆ. ಹಾಗೆಂದು ಅಲ್ಲಿಗೇ ತೀರ್ಪು ಕೊಡಬೇಡಿ. ನೆರೆಗೆ ಮುಂಚೆ ಮರ ಉಳಿಸಿಕೊಳ್ಳಲು ಸಂಕವನ್ನು ಬಿಚ್ಚಿ ದಡಕ್ಕೆ ಹಾಕುವವರೂ ಇದ್ದಾರೆ, ಗಂಟು ಬಿಗಿದಿದ್ದರೆ ಹಗ್ಗ ಕುಯ್ಯುವುದೂ ಉಂಟು. ಅನುಮಾನಕ್ಕೆ ಸಾಕು, ಸಾಕ್ಷಿಗೆ ಸಾಲದು. ಇಂಥದ್ದು ಕಥೆಗೆ ಒಂದಿದ್ದರೆ ಬೇಕಾದಷ್ಟಾಯಿತು.

ಕೊನೆಗೊಂದು ದಿನ ಮಳೆ ಪೂರ್ತಿ ಹೊಳವಾಗಬೇಕು. ಹಳ್ಳ ಇಳಿದಿದೆ, ಬಿಸಿಲು ಬಂದಿದೆ, ಕಾಲು ವಾಸಿಯಾಗಿದೆ, ನೆಪ ಉಳಿದಿಲ್ಲ. ಆ ಬೆಳಿಗ್ಗೆ ದೊರೆ ಏನು ಹೇಳುತ್ತಾನೆ ಎಂಬುದರ ಮೇಲೆ ಇಡೀ ಕಥೆ ನಿಂತಿದೆ. ಆ ದಿನವನ್ನೇ ಬರೆಯದೆ ದಾಟಿಸಿದ ಹಸ್ತಪ್ರತಿಗಳನ್ನು ನಾವು ಮುಂದಕ್ಕೆ ಓದಲಿಲ್ಲ.

ಈಗಿನ ಕಾಲದ ಕಥೆ. ಮೊಬೈಲ್ ಏನು ಮಾಡಲಿ? ‘ನೆಟ್‌ವರ್ಕ್ ಇರಲಿಲ್ಲ’ ಎಂದರೆ ಸಾಕೇ?
— ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿನಿ

ಸಾಲದು. ನಿಮ್ಮ ಸಿಮ್ಮಿನ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವುದಾದರೂ ಕಂಪನಿಯ ಸಿಗ್ನಲ್ ಅಲ್ಲಿದ್ದರೆ 112ಕ್ಕೆ ಕರೆ ಹೋಗುತ್ತದೆ. ಆದ್ದರಿಂದ ಕಣಿವೆಯ ಮನೆಯಲ್ಲಿ ಯಾವ ಟವರೂ ತಾಗುವುದಿಲ್ಲ ಎಂದು ಮೊದಲೇ ಸ್ಥಾಪಿಸಿ. ಸಿಗ್ನಲ್ ಸಿಗುವ ಗುಡ್ಡದ ತಲೆ ಎಲ್ಲಿದೆ ಎಂಬುದನ್ನೂ ತೋರಿಸಿ. ಪಶ್ಚಿಮಘಟ್ಟದ ಎಷ್ಟೋ ಮನೆಗಳವರಿಗೆ ಅಂಥ ಒಂದು ಬಂಡೆ, ಒಂದು ತಿರುವು ಗೊತ್ತಿರುತ್ತದೆ. ಪ್ರಯಾಣಿಕ ಅಲ್ಲಿಗೆ ಏರಬೇಕು, ಕಾಲು ಉಳುಕಿದೆ.

ಸಿಗ್ನಲ್ ಹುಡುಕುತ್ತಲೇ ಇರುವ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಬರದಿರುವುದು ಅಲ್ಲಿ ಸುದ್ದಿಯೇ ಅಲ್ಲ. ಚಾರ್ಜಿಂಗ್ ಬಾಯಿಗೆ ನೀರು ಹೋಗಿದ್ದರೆ ಈಗಿನ ಹಲವು ಫೋನುಗಳು ತೇವ ಇದೆ ಎಂದು ತೋರಿಸಿ ಚಾರ್ಜ್ ತೆಗೆದುಕೊಳ್ಳುವುದನ್ನೇ ನಿಲ್ಲಿಸುತ್ತವೆ. ಆಗ ನಿಮ್ಮ ದೊರೆ ಕಳಕಳಿಯಿಂದ ‘ಕೊಡಿ, ಅಕ್ಕಿ ಡಬ್ಬದಲ್ಲಿ ಹೂತಿಡೋಣ, ನೀರು ಹೀರ್ಕೊಳ್ಳುತ್ತೆ’ ಎನ್ನಲಿ. ಅಕ್ಕಿಯಿಂದ ಅಂಥ ಪ್ರಯೋಜನ ಇಲ್ಲ, ಅದರ ಪುಡಿ ಒಳಗೆ ಸೇರಬಹುದು ಎಂದು ಫೋನ್ ತಯಾರಿಸುವವರೇ ಬೇಡ ಅನ್ನುತ್ತಾರೆ. ಆದರೆ ಮನೆಮನೆಯಲ್ಲೂ ನಂಬುವ ಉಪಾಯ ಅದು, ಯಾರೂ ಅನುಮಾನಿಸುವುದಿಲ್ಲ. ಮೂರು ದಿನ ಫೋನು ಅಡುಗೆಮನೆಯ ಅಕ್ಕಿಯೊಳಗೆ! ಉಪಕಾರದ ಪಟ್ಟಿಗೆ ಇದಕ್ಕಿಂತ ಒಳ್ಳೆಯದು ನಮಗಂತೂ ಹೊಳೆಯಲಿಲ್ಲ.

ಇದು ಪರದೇಶದ ಭೂತಬಂಗಲೆ ಕಥೆಗಳ ನಕಲು ಅನ್ನಿಸುವುದಿಲ್ಲವೇ? ನಮ್ಮಲ್ಲಿ ಇಂಥದ್ದಿದೆಯೇ?
— ಅರಸೀಕೆರೆಯ ಓದುಗರು

ಮಹಾಭಾರತದ ಉದ್ಯೋಗಪರ್ವ ತೆಗೆಯಿರಿ. ಮದ್ರದ ಅರಸ ಶಲ್ಯ, ನಕುಲ ಸಹದೇವರ ಸೋದರಮಾವ, ಸೇನೆ ಕಟ್ಟಿಕೊಂಡು ಪಾಂಡವರ ಕಡೆ ಸೇರಲು ಹೊರಟಿದ್ದಾನೆ. ದಾರಿಯುದ್ದಕ್ಕೂ ಯಾರೋ ಸೊಗಸಾದ ವಿಶ್ರಾಂತಿ ಮಂಟಪ ಕಟ್ಟಿಸಿದ್ದಾರೆ, ಊಟ ಉಪಚಾರಕ್ಕೆ ಕೊರತೆಯಿಲ್ಲ. ಇದೆಲ್ಲ ಧರ್ಮರಾಯನ ಏರ್ಪಾಡು ಎಂದುಕೊಂಡು ಶಲ್ಯ ಹಿಗ್ಗಿ, ಇದನ್ನು ಮಾಡಿದವರನ್ನು ಕರೆಸಿ, ಬಹುಮಾನ ಕೊಡಬೇಕು ಎನ್ನುತ್ತಾನೆ. ಮರೆಯಲ್ಲಿದ್ದ ದುರ್ಯೋಧನ ಮುಂದೆ ಬಂದು ನಿಲ್ಲುತ್ತಾನೆ. ನನ್ನ ಸೇನೆಗೆ ನಾಯಕನಾಗು ಎಂದು ಕೇಳುತ್ತಾನೆ. ಕೊಟ್ಟ ಮಾತು, ಉಂಡ ಅನ್ನ. ಶಲ್ಯ ಕೌರವರ ಪಾಲಾಗುತ್ತಾನೆ, ಹದಿನೆಂಟನೆಯ ದಿನ ಅವರ ಸೇನಾಪತಿಯಾಗಿ ಸಾಯುತ್ತಾನೆ. ಬೀಗವಿಲ್ಲ, ಸರಪಳಿಯಿಲ್ಲ. ಉಪ್ಪಿನ ಋಣವೇ ಸರಪಳಿಯಾದ ಇಂಥ ಸೆರೆ ನಮ್ಮ ಓದುಗನಿಗೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಹೊರಗಿನ ಚರಿತ್ರೆಯಲ್ಲೂ ಇದೆ. 1064ರ ಸುಮಾರಿಗೆ ಇಂಗ್ಲೆಂಡಿನ ಸರದಾರ ಹೆರಾಲ್ಡ್ ಸಮುದ್ರ ದಾಟುವಾಗ ಫ್ರಾನ್ಸಿನ ಪಾಂತ್ಯೂ ದಡ ಸೇರಿದ, ಅಲ್ಲಿನ ಕೌಂಟ್ ಗೀ ಅವನನ್ನು ಹಿಡಿದ. ನಾರ್ಮಂಡಿಯ ಡ್ಯೂಕ್ ವಿಲಿಯಂ ಒತ್ತಾಯಿಸಿ ಬಿಡಿಸಿಕೊಂಡು ತನ್ನ ಅರಮನೆಗೆ ಕರೆದೊಯ್ದ. ಸತ್ಕಾರ ಮಾಡಿದ, ಬ್ರಿಟನಿಯ ಮೇಲಿನ ದಂಡಯಾತ್ರೆಗೆ ಜೊತೆಯಲ್ಲಿ ಕರೆದೊಯ್ದ, ಆಯುಧ ಕೊಟ್ಟು ಗೌರವಿಸಿದ. ಊರಿಗೆ ಬಿಟ್ಟದ್ದು ಮಾತ್ರ ಪವಿತ್ರ ಅವಶೇಷಗಳನ್ನು ಮುಟ್ಟಿಸಿ, ಇಂಗ್ಲೆಂಡಿನ ಪಟ್ಟಕ್ಕೆ ವಿಲಿಯಂನನ್ನೇ ಬೆಂಬಲಿಸುತ್ತೇನೆ ಎಂದು ಪ್ರಮಾಣ ಮಾಡಿಸಿಕೊಂಡ ಮೇಲೆ. ಹೆರಾಲ್ಡನ ತಮ್ಮ ವುಲ್ಫ್‌ನಾತ್ ಒತ್ತೆಯಾಳಾಗಿ ವಿಲಿಯಂನ ವಶದಲ್ಲೇ ಉಳಿದ. 1066ರ ಜನವರಿಯಲ್ಲಿ ಹೆರಾಲ್ಡ್ ದೊರೆಯಾದಾಗ ಆ ಪ್ರಮಾಣವನ್ನೇ ಮುಂದಿಟ್ಟು ವಿಲಿಯಂ ದಂಡೆತ್ತಿ ಬಂದ. ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ಹೆರಾಲ್ಡ್ ಸತ್ತ. ಸುಮಾರು 70 ಮೀಟರ್ ಉದ್ದದ ಬಾಯೂ ಕಸೂತಿ ಪಟದಲ್ಲಿ ಈ ಸೆರೆ, ಬಿಡುಗಡೆ, ಪ್ರಮಾಣ ಎಲ್ಲ ನೂಲಿನಲ್ಲಿ ಹೊಲಿದಿವೆ.

ನಿಮ್ಮ ಕಥೆಗೆ ಇದರಿಂದ ಸಿಗುವ ಉಪಾಯ ಏನೆಂದರೆ, ಮೊದಲ ಸೆರೆಯಿಂದ ಬಿಡಿಸಿದವನೇ ಎರಡನೆಯ ಸೆರೆ. ಘಾಟಿಯಲ್ಲಿ ದೊರೆ ಬರುವ ಮುಂಚೆ ಒಂದು ಒರಟು ಅಪಾಯ ಇಡಿ. ಅದರೆದುರು ದೊರೆಯ ನಯ ಇನ್ನೂ ಹೊಳೆಯುತ್ತದೆ.

ಬೀಗ ಹಾಕದೆ ಇಟ್ಟುಕೊಂಡರೆ ಕಾನೂನಿನ ಪ್ರಕಾರ ಅದು ಅಪರಾಧವೇ? ನನ್ನ ಕಥೆಯಲ್ಲಿ ವಕೀಲೆಯೊಬ್ಬಳು ಬರುತ್ತಾಳೆ.
— ಕೊಪ್ಪದ ಓದುಗಿ

ಅಪರಾಧವಾಗಬಹುದು. ಕಾನೂನು ಎರಡು ಬಗೆ ಮಾಡುತ್ತದೆ. ಹೋಗಲು ಹಕ್ಕಿರುವ ಒಂದು ದಿಕ್ಕಿಗೆ ಹೋಗದಂತೆ ತಡೆದರೆ ಅಕ್ರಮ ತಡೆ. ಒಂದು ಎಲ್ಲೆಯ ಆಚೆಗೆ ಯಾವ ಕಡೆಗೂ ಹೋಗದಂತೆ ಮಾಡಿದರೆ ಅಕ್ರಮ ಬಂಧನ. ಸಂಕ ತೆಗೆಸಿದ್ದಾನೆ, ಆದರೆ ಮನೆಯ ಹಿಂದಿನ ಜೀಪು ರಸ್ತೆ ತೆರೆದಿದೆ ಎಂದರೆ ಬಂಧನ ಎಂದು ವಾದಿಸುವುದು ಕಷ್ಟ. ಎರಡೂ ಇಲ್ಲದಂತೆ ಮಾಡಿದ್ದರೆ ಬಂಧನ. ಬೀಗವೇ ಬೇಕೆಂದಿಲ್ಲ, ಕಟ್ಟಡದ ಬಾಗಿಲುಗಳಲ್ಲಿ ಬಂದೂಕು ಹಿಡಿದವರನ್ನು ನಿಲ್ಲಿಸಿ ‘ಹೊರಟರೆ ಗುಂಡು ಹಾರಿಸುತ್ತಾರೆ’ ಎನ್ನುವ ಉದಾಹರಣೆ ಹಳೆಯ ದಂಡ ಸಂಹಿತೆಯ 340ನೇ ಕಲಮಿನಲ್ಲೇ ಇದೆ.

ಶಿಕ್ಷೆ ಕಥೆಯ ಇಸವಿ ನೋಡಿ ಬರೆಯಿರಿ. 2024ರ ಜುಲೈ 1ಕ್ಕೆ ಮುಂಚಿನ ಘಟನೆಯಾದರೆ ಭಾರತೀಯ ದಂಡ ಸಂಹಿತೆ: ಬಂಧನಕ್ಕೆ ಒಂದು ವರ್ಷದವರೆಗೆ, ಮೂರು ದಿನ ತುಂಬಿದರೆ ಎರಡು, ಹತ್ತು ದಿನ ತುಂಬಿದರೆ ಮೂರು ವರ್ಷದವರೆಗೆ ಸಜೆ. ಆಮೇಲಿನದಾದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮು: ಅದೇ ಅನುಕ್ರಮದಲ್ಲಿ ಒಂದು, ಮೂರು, ಐದು ವರ್ಷದವರೆಗೆ. ಹಾಗಾಗಿ ನಿಮ್ಮ ವಕೀಲೆ ಮೊದಲು ಕೇಳುವ ಪ್ರಶ್ನೆ ‘ಹೊರಡ್ತೀನಿ ಅಂತ ನೀವು ಬಾಯಿಬಿಟ್ಟು ಹೇಳಿದ್ದು ಯಾವ ದಿನ?’ ಎಂದಿರಲಿ. ಪ್ರಯಾಣಿಕನಿಗೆ ನೆನಪಾಗುವುದಿಲ್ಲ. ಅವನು ಹೇಳಿಯೇ ಇರಲಿಲ್ಲ.

ಪ್ರಯಾಣಿಕಳು ಹೆಣ್ಣು; ಕೊನೆಗೆ ದೊರೆಯನ್ನು ಪ್ರೀತಿಸುತ್ತಾಳೆ. ಸ್ಟಾಕ್‌ಹೋಮ್ ಸಿಂಡ್ರೋಮ್ ಎಂದು ಬರೆಯಬಹುದೇ?
— ತರೀಕೆರೆಯ ಓದುಗರು

ಬೇಡ. 1973ರ ಆಗಸ್ಟ್‌ನಲ್ಲಿ ಸ್ಟಾಕ್‌ಹೋಮಿನ ಬ್ಯಾಂಕೊಂದರಲ್ಲಿ ಆರು ದಿನ ಒತ್ತೆಯಲ್ಲಿದ್ದವರು ಹೊರಗೆ ಬಂದು ದರೋಡೆಕೋರರ ಪರ ಮಾತಾಡಿದ್ದರಿಂದ ಹುಟ್ಟಿದ ಹೆಸರು ಅದು. ಮನೋವೈದ್ಯರು ಬಳಸುವ ಅಧಿಕೃತ ರೋಗಪಟ್ಟಿಯಲ್ಲಿ ಅದಿಲ್ಲ. ಆ ಹೆಸರು ಹಚ್ಚಿದರೆ ಅವಳ ಮನಸ್ಸು ಬರೆಯುವ ಕಷ್ಟದಿಂದ ನೀವು ತಪ್ಪಿಸಿಕೊಂಡಂತೆ. ಪ್ರೀತಿಯೇ ಬೇಕೆಂದಿದ್ದರೆ, ಬಾಗಿಲು ತೆರೆದು ಕೀಲಿ ಕೈಗೆ ಬಂದ ಮೇಲೆ ಅದು ಉಳಿಯುತ್ತದೋ ಎಂದು ಒಂದು ದೃಶ್ಯದಲ್ಲಿ ಪರೀಕ್ಷಿಸಿ.

ಪ್ರಯಾಣಿಕ ‘ನಾನು’ ಎಂದು ಹೇಳುವ ಹಾಗೆ ಬರೆಯಲೋ, ‘ಅವನು’ ಎಂದೋ? ಯಾವ ಭಾಗಕ್ಕೆ ಎಷ್ಟು ಜಾಗ?
— ಹೊಳೆನರಸೀಪುರದ ಓದುಗರು

‘ನಾನು’ ಎಂದು ಭೂತಕಾಲದಲ್ಲಿ ಬರೆದರೆ ಅವನು ಬದುಕಿ ಬಂದ ಎಂದು ಮೊದಲ ಸಾಲಿಗೇ ಗೊತ್ತಾಗುತ್ತದೆ. ಅದು ನಷ್ಟವೇನಲ್ಲ, ಬದುಕಿ ಬಂದವನು ಇನ್ನೂ ದೊರೆಯನ್ನು ಹೊಗಳುತ್ತಿದ್ದರೆ ಲಾಭವೇ. ‘ಅವನು’ ಎಂದು ಬರೆಯುವುದಾದರೆ ದೊರೆಯ ಮನಸ್ಸಿನೊಳಗೆ ಒಮ್ಮೆಯೂ ಇಣುಕಬೇಡಿ.

2,500 ಪದದ ಕಥೆಯಲ್ಲಿ ಘಾಟಿ, ಮಳೆ, ಪಾರುಮಾಡುವುದು ಎಲ್ಲ 400 ಪದಕ್ಕೆ ಮುಗಿಯಲಿ. ಹೆಚ್ಚಿನವರು ಅರ್ಧ ಕಥೆಯನ್ನು ಚಾರ್ಮಾಡಿಯ ಮಂಜಿಗೇ ಖರ್ಚು ಮಾಡಿದ್ದಾರೆ. ಉಪಕಾರಗಳ ಸರಣಿಗೆ 1,200, ಮಳೆ ನಿಂತ ಬೆಳಿಗ್ಗೆಗೆ 500, ಉಳಿದದ್ದು ಅಂತ್ಯಕ್ಕೆ. ಮೊದಲ ‘ಇವತ್ತು ಬೇಡ’ ಸುಮಾರು ಕಾಲುಭಾಗದಲ್ಲಿ ಬರಲಿ.

ಇದೇ ಎಳೆಯ ಮೇಲೆ ನಾಟಕ ಮಾಡುತ್ತಿದ್ದೇವೆ. ಮಳೆಯ ಸದ್ದನ್ನು ಮೊಬೈಲಿನಿಂದ ಸ್ಪೀಕರಿಗೆ ಕೊಟ್ಟರೆ ಒಗ್ಗರಣೆ ಸಿಡಿದ ಹಾಗೆ ಕೇಳುತ್ತದೆ.
— ಹಾಸನದ ಹವ್ಯಾಸಿ ನಾಟಕ ತಂಡ

ಕೈಯಲ್ಲೇ ಮಾಡಿ. 4 ಇಂಚಿನ ಪಿವಿಸಿ ಪೈಪು 4 ಅಡಿ, ಎರಡು ಮುಚ್ಚಳ, ಎರಡೂವರೆ ಇಂಚಿನ ಮೊಳೆ ಸುಮಾರು 60. ಪೈಪಿನ ಸುತ್ತ ಬಳ್ಳಿ ಹಬ್ಬಿದಂತೆ ಗೆರೆ ಎಳೆದು ಒಂದೂವರೆ ಇಂಚಿಗೊಂದು ಗುರುತು ಮಾಡಿ. ಮೊಳೆಗಿಂತ ತುಸು ಸಣ್ಣ ಬಿಟ್ಟಿನಲ್ಲಿ ಮೊದಲು ತೂತು ಕೊರೆಯಿರಿ, ನೇರ ಹೊಡೆದರೆ ಪೈಪು ಸೀಳುತ್ತದೆ. ಮೊಳೆಯ ತಲೆಗಳ ಮೇಲೆ ಟೇಪು ಸುತ್ತಿ. ಒಳಗೆ 200 ಗ್ರಾಂ ಹುರುಳಿ, 200 ಗ್ರಾಂ ಅಕ್ಕಿ. ಬರೀ ರಾಗಿ ಹಾಕಿದರೆ ಬುಸುಗುಟ್ಟುತ್ತದೆ, ಕಡಲೆ ಹಾಕಿದರೆ ಆಲಿಕಲ್ಲು. ಇಂಥ ಎರಡು ಪೈಪು ಮಾಡಿ ಇಬ್ಬರು ಸರದಿಯಲ್ಲಿ ಓರೆ ಮಾಡುತ್ತಿದ್ದರೆ ಸದ್ದು ಕಡಿಯುವುದಿಲ್ಲ. ಗುಡುಗಿಗೆ 3 ಅಡಿ ಅಗಲ 6 ಅಡಿ ಉದ್ದದ ತೆಳು ಜಿಂಕ್ ತಗಡು. ಮೇಲಿನ ಎರಡು ಮೂಲೆಗೆ ಹಗ್ಗ ಕಟ್ಟಿ ಗೋಡೆಗೆ ತಾಗದಂತೆ ತೂಗುಹಾಕಿ, ಕೆಳತುದಿ ಹಿಡಿದು ನಡುಗಿಸಿ. ಗೋಡೆಗೆ ತಾಗಿದರೆ ಡಬ್ಬ ಬಿದ್ದಂತಾಗುತ್ತದೆ.

ಮಳೆಯ ಸದ್ದು ನಾಟಕದುದ್ದಕ್ಕೂ ಸಣ್ಣಗೆ ಇದ್ದು, ಮೇಲೆ ಹೇಳಿದ ಆ ಬೆಳಿಗ್ಗೆ ಒಮ್ಮೆಲೇ ನಿಲ್ಲಲಿ. ನಿಂತ ಮೇಲೆ ಹತ್ತು ಸೆಕೆಂಡು ಯಾರೂ ಮಾತಾಡಬಾರದು. ಲಾಟೀನಿಗೆ ಸೀಮೆಎಣ್ಣೆ ಬೇಡ. ಬುರುಡೆಯೊಳಗೆ ಹಳದಿ ಜಿಲೆಟಿನ್ ಹಾಳೆ ಸುತ್ತಿದ ಬ್ಯಾಟರಿ ಬಲ್ಬು ಸಾಕು.

ಕೊನೆಗೆ ಪೊಲೀಸ್ ಜೀಪು ಬಂದು ಬಿಡಿಸುತ್ತದೆ. ಸರಿಯೇ?
— ಕಡೂರಿನ ಓದುಗರು

ಜೀಪಿಗೆ ಆ ಮನೆಯ ದಾರಿ ಹೇಳಿದವರು ಯಾರು? ಆ ಪ್ರಶ್ನೆಗೆ ಉತ್ತರ ಬರೆದರೆ ನಿಜವಾದ ಅಂತ್ಯ ಅಲ್ಲಿ ಸಿಗುತ್ತದೆ, ಜೀಪು ಬೇಕಾಗುವುದಿಲ್ಲ. ಎಡಗಡೆಯ ಪಟ್ಟಿಯಲ್ಲಿ ಮೊದಲು ಹೋದ ವಸ್ತುವೇ ಕೊನೆಗೆ ಕೆಲಸಕ್ಕೆ ಬರಲಿ: ಬೂಟಿಲ್ಲದೆ ಬರಿಗಾಲಲ್ಲೇ ಹೊರಟುಬಿಡುವವನು ಒಂದು ದಾರಿ, ಆ ಊಟ ಬಡಿಸುವ ಆಳು ತನ್ನ ಚಪ್ಪಲಿ ಬಿಟ್ಟುಕೊಡುವುದು ಇನ್ನೊಂದು. ಕೊಟ್ಟಿಗೆಹಾರದಲ್ಲಿ ಬಸ್ಸು ಹತ್ತಿದವನ ಮೈಮೇಲೆ ದೊರೆಯ ಶಾಲು ಇರುವುದು, ಟಿಕೆಟ್ಟಿಗೆ ದೊರೆ ಕೊಟ್ಟ ನೋಟನ್ನೇ ಮುರಿಸುವುದು ಮೂರನೆಯದು. ಅವನು ಹೋಗುವುದೇ ಇಲ್ಲ ಎಂಬ ಅಂತ್ಯವೂ ನಡೆಯುತ್ತದೆ; ಆದರೆ ಘಾಟಿಯಲ್ಲಿ ಇನ್ನೊಂದು ಕಾರು ಕೆಟ್ಟು ನಿಲ್ಲುವ ದೃಶ್ಯದಿಂದ ಮುಗಿಸಬೇಡಿ, ಈಗಾಗಲೇ ಬಂದ ಕಥೆಗಳಲ್ಲಿ ಹಾಗೆ ಮುಗಿದವೇ ಜಾಸ್ತಿ.

ಶೀರ್ಷಿಕೆ ‘ಸೆರೆ’ ಎಂದಿಟ್ಟರೆ?
— ಆಲೂರಿನ ಓದುಗಿ

ಗುಟ್ಟು ಬಾಗಿಲಲ್ಲೇ ಬಿಟ್ಟುಕೊಟ್ಟಂತೆ. ‘ಪುಷ್ಯ ಮಳೆ’, ‘ಕಾಲುಸಂಕ’, ‘ನೆಂಟ’ ಇಂಥ ಯಾವುದಾದರೂ ಇಡಿ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, 2,500 ಪದ ಮೀರಿದ ಕಥೆಗಳನ್ನು ಪರಿಗಣಿಸುವುದಿಲ್ಲ.